ಹಾಲು ಬಿಟ್ಟ ಹಂದಿಮರಿಯಲ್ಲಿ ಪ್ರೋಟೀನಿನ ಪಚನ

ಹಂದಿಮರಿಯ ಬದುಕಿನಲ್ಲಿ ಹಾಲು ಬಿಡಿಸಿದ ನಂತರದ ಎರಡು ವಾರಗಳಷ್ಟು ಕಷ್ಟದ ಕಾಲ ಕಡಿಮೆ. ಹುಟ್ಟಿದಾಗ ಒಂದೂವರೆ ಕಿಲೋ ಆಸುಪಾಸಿನಲ್ಲಿರುವ ಮರಿ ನಾಲ್ಕು ವಾರಗಳಲ್ಲಿ ಏಳೆಂಟು ಕಿಲೋ ತೂಗುತ್ತದೆ. ಆ ಬೆಳವಣಿಗೆ ಬಹುಪಾಲು ತಾಯಿಹಾಲಿನ ಬಲದ್ದು. ಒಂದು ದಿನ ತಾಯಿಯನ್ನು ಬೇರೆ ಕೊಟ್ಟಿಗೆಗೆ ಒಯ್ಯುತ್ತಾರೆ. ಅಂದಿನಿಂದಲೇ ಮರಿಯ ಮುಂದೆ ಮೆಕ್ಕೆಜೋಳ, ಗೋಧಿ, ಸೋಯಾ ಹಿಂಡಿ ಬೆರೆತ ಒಣ ತಿಂಡಿ ಬೀಳುತ್ತದೆ. ಅದರಲ್ಲಿರುವ ಪ್ರೋಟೀನನ್ನು ಒಡೆದು, ಅಮೈನೊ ಆಮ್ಲಗಳನ್ನಾಗಿ ಮಾಡಿ ರಕ್ತಕ್ಕೆ ಸೇರಿಸಿಕೊಳ್ಳಲು ಮರಿಗೆ ಎಷ್ಟು ಶಕ್ತಿಯಿದೆ ಎಂಬುದರ ಮೇಲೆ ಅದರ ಬೆಳವಣಿಗೆ ನಿಂತಿದೆ, ಎಷ್ಟೋ ಸಲ ಉಳಿವು ಕೂಡ. ಸಣ್ಣ ಕರುಳು ಮುಗಿಯುವುದರೊಳಗೆ ಪಚನವಾದ ಪ್ರೋಟೀನು ಮರಿಗೆ ದಕ್ಕುತ್ತದೆ. ಅದನ್ನು ದಾಟಿ ದೊಡ್ಡ ಕರುಳಿಗೆ ಜಾರಿದ್ದು ಬ್ಯಾಕ್ಟೀರಿಯಾಗಳ ಪಾಲಾಗಿ ಭೇದಿಗೆ ದಾರಿ ಮಾಡುತ್ತದೆ. ಮರಿಗಳ ಆಹಾರ ವಿಜ್ಞಾನದ ಬಹುಪಾಲು ಪ್ರಶ್ನೆಗಳು ಈ ಗಡಿಯ ಸುತ್ತಲೇ ಇವೆ.

ಬಯಲಿನಲ್ಲಿ ತಮ್ಮಷ್ಟಕ್ಕೆ ಬಿಟ್ಟ ಹಂದಿಗಳಲ್ಲಿ ಹಾಲು ಬಿಡುವುದು ನಿಧಾನದ ಕೆಲಸ. ತಾಯಿ ಹಾಲೂಡುವುದನ್ನು ದಿನೇದಿನೇ ಕಡಿಮೆ ಮಾಡುತ್ತಾಳೆ. ಮರಿಗಳು ಗೆಡ್ಡೆ, ಹುಲ್ಲು, ಹುಳು ಮೆಲ್ಲುತ್ತ ಮೂರು ನಾಲ್ಕು ತಿಂಗಳಲ್ಲಿ ಪೂರ್ತಿ ಹಾಲು ಬಿಡುತ್ತವೆ. ವಾಣಿಜ್ಯ ಸಾಕಣೆಯಲ್ಲಿ ಅಷ್ಟು ಬಿಡುವು ಸಿಗುವುದಿಲ್ಲ. ಐರೋಪ್ಯ ಒಕ್ಕೂಟದ 2008ರ ನಿರ್ದೇಶನದಂತೆ 28 ದಿನಕ್ಕೆ ಮೊದಲು ಮರಿಯನ್ನು ಅಗಲಿಸುವಂತಿಲ್ಲ. ಪ್ರತ್ಯೇಕ, ಶುಚಿಯಾದ ಕೊಟ್ಟಿಗೆಯಿದ್ದರೆ 21 ದಿನಕ್ಕೆ ಅವಕಾಶವಿದೆ. ಅಮೆರಿಕದಲ್ಲಿ ಸುಮಾರು ಮೂರು ವಾರಕ್ಕೆ ಬಿಡಿಸುವುದು ರೂಢಿ. ಪ್ರಕೃತಿ ತಿಂಗಳುಗಟ್ಟಲೆ ಹಂಚಿದ್ದ ಬದಲಾವಣೆಯನ್ನು ಕರುಳು ಒಂದೇ ದಿನದಲ್ಲಿ ಎದುರಿಸಬೇಕಾಗುತ್ತದೆ.

ಹಾಲುಕುಡಿ ಮರಿಯ ಪಚನಕ್ರಮ ಹಾಲಿಗೆಂದೇ ರೂಪುಗೊಂಡದ್ದು. ಹಂದಿಯ ಹಾಲು ಗಟ್ಟಿ: ನೂರು ಗ್ರಾಂನಲ್ಲಿ ಐದಾರು ಗ್ರಾಂ ಪ್ರೋಟೀನು, ಏಳೆಂಟು ಗ್ರಾಂ ಕೊಬ್ಬು, ಸುಮಾರು ಐದು ಗ್ರಾಂ ಲ್ಯಾಕ್ಟೋಸ್. ತಾಯಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಹಾಲೂಡುವುದರಿಂದ ಮರಿಯ ಹೊಟ್ಟೆಗೆ ಹಾಲು ಹನಿಹನಿಯಾಗಿ ದಿನವಿಡೀ ಬರುತ್ತಿರುತ್ತದೆ. ಜಠರದಲ್ಲಿ ಕೈಮೋಸಿನ್ ಎಂಬ ಕಿಣ್ವ ಹಾಲಿನ ಕೇಸಿನನ್ನು ಹೆಪ್ಪುಗಟ್ಟಿಸುತ್ತದೆ. ಹೆಪ್ಪು ನಿಧಾನವಾಗಿ ಕರಗುತ್ತ ಕರುಳಿಗೆ ಇಳಿಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಜಠರವನ್ನು ಹುಳಿಯಾಗಿ ಇಡುತ್ತವೆ. ಹೀಗಾಗಿ ಮರಿ ತಾನೇ ಹೆಚ್ಚು ಹೈಡ್ರೋಕ್ಲೋರಿಕ್ ಆಮ್ಲ ಸುರಿಸಬೇಕಾದ ಅಗತ್ಯ ಬೀಳುವುದಿಲ್ಲ.

ಹುಟ್ಟಿದ ಮೊದಲ ದಿನವಂತೂ ಪ್ರೋಟೀನನ್ನು ಪಚನ ಮಾಡದಿರುವುದೇ ಮರಿಗೆ ಹಿತ. ಹಂದಿಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ. ಅವು ಗಿಣ್ಣುಹಾಲಿನಲ್ಲೇ ಬರಬೇಕು, ಒಡೆಯದೆ ಇಡಿಯಾಗಿಯೇ ಕರುಳನ್ನು ದಾಟಿ ರಕ್ತ ಸೇರಬೇಕು. ಆ ಬಾಗಿಲು ಒಂದೂವರೆ ದಿನದೊಳಗೆ ಮುಚ್ಚಿಹೋಗುತ್ತದೆ. ಅಲ್ಲಿಯವರೆಗೆ ಪ್ರತಿಕಾಯಗಳನ್ನು ಕಾಪಾಡಲು ಗಿಣ್ಣಿನಲ್ಲೇ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಅಂಶವಿದೆ. ಮೊದಲ ದಿನ ಜೀವ ಉಳಿಸುವ ಇಂಥದೇ ತಡೆ ಕೆಲವು ವಾರಗಳ ನಂತರ ಹಸಿ ಸೋಯಾ ಅವರೆಯ ಮೂಲಕ ಹೊಟ್ಟೆಗೆ ಬಂದಾಗ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ.

ಹಾಲು ಬಿಡಿಸಿದ ಕೂಡಲೇ ಬರುವ ಮೊದಲ ಏಟು ಹಸಿವಿನದು. ತಾಯಿಯಿಂದ ಅಗಲಿದ ಮರಿಗೆ ಹೊಸ ಜಾಗ, ಹೊಸ ಜೊತೆಗಾರರು, ಗುರುತೇ ಇಲ್ಲದ ಒಣ ಪುಡಿ. ಅರ್ಧದಷ್ಟು ಮರಿಗಳು ಮೊದಲ ದಿನ ತಿಂಡಿಗೆ ಬಾಯಿಡುತ್ತವೆ. ಕೆಲವು ಎರಡು ದಿನವಾದರೂ ಮುಟ್ಟುವುದಿಲ್ಲ. ಕರುಳಿನ ಒಳಪದರದ ಜೀವಕೋಶಗಳು ತಮ್ಮ ಆಹಾರದ ದೊಡ್ಡ ಪಾಲನ್ನು ರಕ್ತದಿಂದಲ್ಲ, ಕರುಳಿನೊಳಗೆ ಹರಿಯುವ ಆಹಾರದಿಂದಲೇ ಪಡೆಯುವುದರಿಂದ ಮರಿ ಉಪವಾಸವಿದ್ದರೆ ಕರುಳೂ ಉಪವಾಸ ಬೀಳುತ್ತದೆ. ಡೇವಿಡ್ ಹ್ಯಾಂಪ್ಸನ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ದಿನಕ್ಕೆ ಹಾಲು ಬಿಡಿಸಿದ ಮರಿಗಳ ಕರುಳನ್ನು ಪರೀಕ್ಷಿಸಲಾಗಿತ್ತು. ಪೋಷಕಾಂಶ ಹೀರುವ ವಿಲ್ಲೈಗಳ ಎತ್ತರ ಒಂದೇ ದಿನದಲ್ಲಿ ಮೊದಲಿನ ಮುಕ್ಕಾಲು ಭಾಗಕ್ಕೆ ಇಳಿದಿತ್ತು. ಐದನೇ ದಿನದ ಹೊತ್ತಿಗೆ ಉಳಿದದ್ದು ಸುಮಾರು ಅರ್ಧ. ಅದೇ ಹೊತ್ತಿಗೆ ವಿಲ್ಲೈಗಳ ಬುಡದ ಗುಳಿಗಳು ಆಳವಾಗಿದ್ದವು. ಕಳೆದುಹೋದ ಕೋಶಗಳನ್ನು ತುಂಬಲು ಹೊಸವು ಅವಸರದಲ್ಲಿ ಹುಟ್ಟುತ್ತಿದ್ದವು. ಅವಸರದಲ್ಲಿ ಹುಟ್ಟಿದ ಎಳೆಯ ಕೋಶಗಳಲ್ಲಿ ಪಚನದ ಕಿಣ್ವಗಳೂ ಅಮೈನೊ ಆಮ್ಲಗಳನ್ನು ಒಳಗೆ ಎಳೆಯುವ ವಾಹಕಗಳೂ ಕಡಿಮೆ. ಮುಂದೆ ಆಸ್ಟ್ರೇಲಿಯಾದಲ್ಲಿ ಜಾನ್ ಪ್ಲಸ್ಕೆ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಹಾಲು ಬಿಡಿಸಿದ ಮೇಲೂ ಹಸುವಿನ ಹಾಲನ್ನು ಸಾಕಷ್ಟು, ಪದೇ ಪದೇ ಕುಡಿಸಿದ ಮರಿಗಳ ವಿಲ್ಲೈಗಳು ಕುಗ್ಗಲಿಲ್ಲ. ಹಾನಿಗೆ ದೊಡ್ಡ ಕಾರಣ ತಿನ್ನದಿರುವುದು ಎಂದು ಇದರಿಂದ ಖಚಿತವಾಯಿತು.

ಎರಡನೇ ತೊಡಕು ಜಠರದ ಹುಳಿ. ಹಾಲು ನಿಂತರೆ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ಲ್ಯಾಕ್ಟಿಕ್ ಆಮ್ಲವೂ ಇಳಿಯುತ್ತದೆ. ಮರಿ ತಾನಾಗಿ ಆಮ್ಲ ಸುರಿಸುವುದು ಇನ್ನೂ ಕಲಿತಿಲ್ಲ. ಪ್ರೋಟೀನು ಒಡೆಯುವ ಮೊದಲ ಕಿಣ್ವ ಪೆಪ್ಸಿನ್. ಇದಕ್ಕೆ ಹೆಸರಿಟ್ಟದ್ದು 1836ರಲ್ಲಿ ಥಿಯೊಡೋರ್ ಶ್ವಾನ್. ಪೆಪ್ಸಿನ್ ಚುರುಕಾಗಿ ಕೆಲಸ ಮಾಡುವುದು ಪಿಎಚ್ 2ರಿಂದ 3.5ರ ಹುಳಿಯಲ್ಲಿ. ಹಾಲು ಬಿಡಿಸಿದ ಮರಿಯ ಜಠರದಲ್ಲಿ ಪಿಎಚ್ ಎಷ್ಟೋ ಸಲ 4ನ್ನು ದಾಟುತ್ತದೆ. ಸೋಯಾದ ಪ್ರೋಟೀನು ಕೇಸಿನಿನ ಹಾಗೆ ಹೆಪ್ಪುಗಟ್ಟಿ ನಿಲ್ಲುವುದೂ ಇಲ್ಲ; ಅರೆಬರೆ ಒಡೆದ ಸ್ಥಿತಿಯಲ್ಲೇ ಮುಂದೆ ಸಾಗುತ್ತದೆ. ಹುಳಿ ಕಡಿಮೆಯಾದರೆ ಬಾಯಿಂದ ಬಂದ ರೋಗಾಣುಗಳೂ ಸಾಯದೆ ದಾಟುತ್ತವೆ. ತಿಂಡಿಯಲ್ಲಿ ಸುಣ್ಣದಕಲ್ಲಿನ ಪುಡಿ ಹೆಚ್ಚಿದ್ದರೆ ಇರುವಷ್ಟು ಆಮ್ಲವನ್ನೂ ಅದು ಹೀರಿಬಿಡುತ್ತದೆ. ಪ್ರೋಟೀನಿಗೂ ಸ್ವಲ್ಪ ಮಟ್ಟಿಗೆ ಅದೇ ಗುಣವಿದೆ. ಎಳೆಮರಿಯ ತಿಂಡಿಗೆ ಫಾರ್ಮಿಕ್, ಸಿಟ್ರಿಕ್, ಫ್ಯುಮಾರಿಕ್, ಬೆಂಜೋಯಿಕ್ ಆಮ್ಲಗಳನ್ನು ಬೆರೆಸುವುದೂ ಸುಣ್ಣದ ಪ್ರಮಾಣವನ್ನು ಮಿತಿಯಲ್ಲಿಡುವುದೂ ಈ ಕಾರಣಕ್ಕೆ.

ಮುಂದಿನ ಕೆಲಸ ಮೇದೋಜೀರಕ ಗ್ರಂಥಿಯದು. ಟ್ರಿಪ್ಸಿನ್, ಕೈಮೋಟ್ರಿಪ್ಸಿನ್, ಇಲಾಸ್ಟೇಸ್‌ಗಳು ಪ್ರೋಟೀನಿನ ಉದ್ದ ಸರಪಳಿಯನ್ನು ನಡುನಡುವೆ ಕತ್ತರಿಸಿದರೆ ಕಾರ್ಬಾಕ್ಸಿಪೆಪ್ಟಿಡೇಸ್‌ಗಳು ತುದಿಯಿಂದ ಒಂದೊಂದೇ ಅಮೈನೊ ಆಮ್ಲವನ್ನು ಬಿಡಿಸುತ್ತವೆ. ಕಬ್ಬಿನ ಜಲ್ಲೆಯನ್ನು ಮೊದಲು ತುಂಡು ಮಾಡಿ ಆಮೇಲೆ ತುದಿಯಿಂದ ಸಿಗಿಯುತ್ತ ಬಂದ ಹಾಗೆ. ಈ ಕಿಣ್ವಗಳು ಗ್ರಂಥಿಯನ್ನೇ ಜೀರ್ಣಿಸದಿರಲೆಂದು ನಿಷ್ಕ್ರಿಯ ರೂಪದಲ್ಲಿ ಹೊರಬೀಳುತ್ತವೆ. ಸಣ್ಣ ಕರುಳಿನ ಮೊದಲ ಭಾಗದ ಗೋಡೆಯಲ್ಲಿರುವ ಎಂಟರೋಕೈನೇಸ್ ಟ್ರಿಪ್ಸಿನನ್ನು ಎಚ್ಚರಿಸುತ್ತದೆ, ಟ್ರಿಪ್ಸಿನ್ ಉಳಿದವನ್ನೆಲ್ಲ ಎಚ್ಚರಿಸುತ್ತದೆ. ರಷ್ಯಾದ ಇವಾನ್ ಪಾವ್ಲೋವ್ ಅವರ ಪ್ರಯೋಗಾಲಯದಲ್ಲಿ 1899ರಲ್ಲಿ ಈ ಕೀಲಿ ಪತ್ತೆಯಾಯಿತು; ಪಚನಕ್ರಿಯೆಯ ಮೇಲಿನ ಸಂಶೋಧನೆಗಾಗಿ ಪಾವ್ಲೋವ್ 1904ರ ನೊಬೆಲ್ ಪಡೆದರು. ಹಾಲು ಬಿಡಿಸಿದ ಮರಿಯಲ್ಲಿ ಮೇದೋಜೀರಕದ ಕಿಣ್ವಗಳ ಚಟುವಟಿಕೆ ಕೆಲವು ದಿನ ಕುಸಿದು, ಮರಿ ತಿನ್ನತೊಡಗಿದಂತೆ ಒಂದೆರಡು ವಾರದಲ್ಲಿ ಚೇತರಿಸಿ ಮೊದಲಿಗಿಂತ ಮೇಲೇರುತ್ತದೆ.

ಪ್ರೋಟೀನು ಕೊನೆಗೆ ಬಿಡಿ ಅಮೈನೊ ಆಮ್ಲಗಳಾಗಿಯೇ ಒಳಗೆ ಹೋಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ನಿಜದಲ್ಲಿ ದೊಡ್ಡ ಪಾಲು ಎರಡು ಅಥವಾ ಮೂರು ಅಮೈನೊ ಆಮ್ಲಗಳ ಪುಟ್ಟ ತುಣುಕುಗಳಾಗಿ ಕರುಳಿನ ಕೋಶವನ್ನು ಹೊಕ್ಕು, ಒಳಗೆ ಹೋದ ಮೇಲೆ ಬಿಡಿಯಾಗುತ್ತದೆ. ಇವನ್ನು ಹೊತ್ತೊಯ್ಯುವ ಪೆಪ್‌ಟಿ1 ಎಂಬ ವಾಹಕದ ಜೀನ್ 1994ರಲ್ಲಿ ಮೊಲದ ಕರುಳಿನಿಂದ ದೊರೆಯಿತು. ಬಿಡಿ ಆಮ್ಲಗಳಿಗೆ ಬೇರೆ ಬೇರೆ ವಾಹಕಗಳಿವೆ: ಲೈಸಿನ್, ಆರ್ಜಿನಿನ್‌ಗಳಿಗೆ ಒಂದು, ಗ್ಲುಟಮೇಟ್‌ಗೆ ಇನ್ನೊಂದು, ಲ್ಯೂಸಿನ್‌ನಂಥವಕ್ಕೆ ಮತ್ತೊಂದು.

ಒಳಗೆ ಹೋದದ್ದೆಲ್ಲ ಮಾಂಸಖಂಡಕ್ಕೆ ತಲುಪುವುದಿಲ್ಲ. ದಾರಿಯಲ್ಲಿ ಕರುಳು ತನ್ನ ಪಾಲು ತೆಗೆದುಕೊಳ್ಳುತ್ತದೆ, ಅದೂ ಚಿಕ್ಕ ಪಾಲಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪೀಟರ್ ರೀಡ್ಸ್, ಬಾರ್ಬರಾ ಸ್ಟಾಲ್, ಡಗ್ಲಸ್ ಬರಿನ್ ಮೊದಲಾದವರು 1990ರ ದಶಕದಲ್ಲಿ ಹಾಲುಣಿಸಿದ ಮರಿಗಳ ಮೇಲೆ ನಡೆಸಿದ ಅಧ್ಯಯನಗಳು ಈ ಬಗ್ಗೆ ಕಣ್ಣು ತೆರೆಸಿದವು. ಆಹಾರದ ಗ್ಲುಟಮೇಟ್ ಬಹುತೇಕ ಎಲ್ಲವೂ ಕರುಳಿನಲ್ಲೇ ಇಂಧನವಾಗಿ ಉರಿದುಹೋಗುತ್ತದೆ. ಅತ್ಯಗತ್ಯ ಅಮೈನೊ ಆಮ್ಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕರುಳಿಗೆ ಸಲ್ಲುತ್ತದೆ; ಥ್ರಿಯೊನಿನ್‌ನಲ್ಲಂತೂ ಸುಮಾರು ಶೇಕಡ 60. ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಮುಖ್ಯ ಪ್ರೋಟೀನಾದ ಮ್ಯೂಸಿನ್‌ನಲ್ಲಿ ಥ್ರಿಯೊನಿನ್ ಹೇರಳವಾಗಿದೆ. ಭೇದಿ ಬಂದರೆ ಲೋಳೆ ಹೆಚ್ಚು ಸುರಿಯುತ್ತದೆ, ಥ್ರಿಯೊನಿನ್ ಬೇಡಿಕೆ ಏರುತ್ತದೆ. ಸೋಂಕಿನ ವಿರುದ್ಧ ದೇಹ ಸೆಣಸುವಾಗ ಟ್ರಿಪ್ಟೊಫಾನ್ ಖರ್ಚಾಗುತ್ತದೆ. ಕೊಳಕು ಕೊಟ್ಟಿಗೆಯ ಮರಿಗೂ ಶುಚಿಯಾದ ಕೊಟ್ಟಿಗೆಯ ಮರಿಗೂ ಬೇಕಾದ ಅಮೈನೊ ಆಮ್ಲಗಳ ಪ್ರಮಾಣ ಒಂದೇ ಆಗಲಾರದು.

ತಿಂಡಿಯ ಪ್ರೋಟೀನಿನಲ್ಲಿ ಎಷ್ಟು ಪಚನವಾಯಿತು ಎಂದು ಅಳೆಯುವುದೇ ಒಂದು ದೊಡ್ಡ ಕಥೆ. ಮೊದಲು ತಿಂದದ್ದರಿಂದ ಮಲದಲ್ಲಿ ಹೋದದ್ದನ್ನು ಕಳೆದು ಲೆಕ್ಕ ಹಾಕುತ್ತಿದ್ದರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕಬಳಿಸಿ ಅಮೋನಿಯವಾಗಿ ಮಾಡುತ್ತವೆ, ತಮ್ಮದೇ ಹೊಸ ಪ್ರೋಟೀನನ್ನೂ ಕಟ್ಟಿಕೊಳ್ಳುತ್ತವೆ. ಹಾಗಾಗಿ ಆ ಲೆಕ್ಕ ನಂಬುವಂಥದ್ದಲ್ಲ. ಪೋಲೆಂಡಿನ ತೆರೇಸಾ ಜೆಬ್ರೋವ್ಸ್ಕಾ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರೋಟೀನನ್ನು ನೇರವಾಗಿ ಹಂದಿಯ ದೊಡ್ಡ ಕರುಳಿಗೇ ಹಾಕಿದರು. ಸಾರಜನಕ ರಕ್ತಕ್ಕೇನೋ ಸೇರಿತು, ಆದರೆ ಮೂತ್ರದಲ್ಲಿ ಹೊರಹೋಯಿತು, ಹಂದಿಗೆ ಲಾಭವಾಗಲಿಲ್ಲ. ಆಗಿನಿಂದ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂಗೆ ಪುಟ್ಟ ಕೊಳವೆ ಅಳವಡಿಸಿ, ಅಲ್ಲಿ ಹರಿಯುವ ದ್ರವದಲ್ಲಿ ಉಳಿದ ಅಮೈನೊ ಆಮ್ಲಗಳನ್ನು ಅಳೆಯುವ ವಿಧಾನ ಬೇರೂರಿತು. ಆ ದ್ರವದಲ್ಲಿ ಮರಿಯ ದೇಹದಿಂದಲೇ ಸುರಿದ ಕಿಣ್ವ, ಲೋಳೆ, ಉದುರಿದ ಕೋಶಗಳೂ ಇರುತ್ತವೆ. ಅವುಗಳ ಮೂಲ ಪ್ರಮಾಣವನ್ನು ಕಳೆದರೆ ಸಿಗುವುದು ‘ಪ್ರಮಾಣೀಕೃತ ಇಲಿಯಂ ಪಚನೀಯತೆ’. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ಕೋಷ್ಟಕದಲ್ಲಿ ಲೈಸಿನ್‌ನ ಈ ಅಂಕಿ ಸೋಯಾ ಹಿಂಡಿಗೆ ಶೇಕಡ 89, ಮೀನಿನ ಪುಡಿಗೆ 86, ಮೆಕ್ಕೆಜೋಳಕ್ಕೆ 74.

ಹಂದಿಗಾಗಿ ಕಟ್ಟಿದ ಈ ಅಳತೆ ಮನುಷ್ಯರ ತಟ್ಟೆಗೂ ಬಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿ ಮಾನವ ಆಹಾರದ ಪ್ರೋಟೀನನ್ನೂ ಇಲಿಯಂ ಮಟ್ಟದಲ್ಲೇ ಅಳೆಯಬೇಕು, ಮನುಷ್ಯರಲ್ಲಿ ಅಳೆಯಲಾಗದಿದ್ದರೆ ಬೆಳೆಯುವ ಹಂದಿಯಲ್ಲಿ ಅಳೆಯಬಹುದು ಎಂದಿತು. ಪ್ರಾಣಿಗಳ ಪೈಕಿ ಹಂದಿಯ ಪಚನಾಂಗ ನಮ್ಮದಕ್ಕೆ ತೀರ ಹತ್ತಿರದ್ದು. ತೊಗರಿ, ಹೆಸರು, ಕಡಲೆಗಳ ಪ್ರೋಟೀನಿನ ಗುಣದ ಬಗ್ಗೆ ಮುಂದೆ ಬರುವ ತಿಳಿವಿನಲ್ಲೂ ಈ ಪ್ರಾಣಿಯ ಪಾಲಿರುತ್ತದೆ.

ಸೋಯಾಕ್ಕೆ ಮರಳಬೇಕು, ಜಗತ್ತಿನ ಹಂದಿಗಳ ಮುಖ್ಯ ಪ್ರೋಟೀನು ಅದೇ. ಹಸಿ ಸೋಯಾ ತಿನ್ನಿಸಿದರೆ ಬೆಳೆಯದ ಇಲಿಗಳು ಬೇಯಿಸಿದ ಸೋಯಾದಲ್ಲಿ ಬೆಳೆಯುತ್ತವೆಂದು ಆಸ್ಬಾರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ಕಾರಣಗಳಲ್ಲಿ ಒಂದಾದ ಟ್ರಿಪ್ಸಿನ್ ತಡೆಯುವ ಪ್ರೋಟೀನನ್ನು 1940ರ ದಶಕದಲ್ಲಿ ಮೋಸೆಸ್ ಕುನಿಟ್ಜ್ ಹರಳು ರೂಪದಲ್ಲಿ ಬೇರ್ಪಡಿಸಿದರು. ಬಿಸಿಗೆ ಅದು ಬಗ್ಗುತ್ತದೆ. ಬೌಮನ್-ಬರ್ಕ್ ಹೆಸರಿನ ಇನ್ನೊಂದು ತಡೆ ಹೆಚ್ಚು ಗಟ್ಟಿ. ಏಳು ಗಂಧಕದ ಕೊಂಡಿಗಳು ಅದನ್ನು ಬಿಗಿದಿವೆ. ಹಾಗೆಂದು ಹಿಂಡಿಯನ್ನು ಮಿತಿಮೀರಿ ಹುರಿದರೆ ಲೈಸಿನ್ ಸಕ್ಕರೆಗೆ ಅಂಟಿಕೊಂಡು ನಿರುಪಯೋಗಿಯಾಗುತ್ತದೆ. ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ, ರೊಟ್ಟಿ ಕಂದು ಬಣ್ಣಕ್ಕೆ ತಿರುಗುವ ಕ್ರಿಯೆಯೇ ಇದು. ಸೋಯಾದ ಶೇಖರಣಾ ಪ್ರೋಟೀನುಗಳಾದ ಗ್ಲೈಸಿನಿನ್ ಮತ್ತು ಬೀಟಾ-ಕಾಂಗ್ಲೈಸಿನಿನ್ ಎಳೆಮರಿಯಲ್ಲಿ ತಾತ್ಕಾಲಿಕ ಅಲರ್ಜಿಯನ್ನೂ ಎಬ್ಬಿಸುತ್ತವೆ: ಕರುಳು ಕೆರಳಿ ವಿಲ್ಲೈ ಮತ್ತಷ್ಟು ಕುಗ್ಗುತ್ತದೆ. ಮರಿ ಬೆಳೆದಂತೆ ಇದಕ್ಕೆ ಒಗ್ಗಿಕೊಳ್ಳುತ್ತದೆ. ಅಲ್ಲಿಯವರೆಗೆ ಹಾಲಿನ ಪುಡಿ, ವೇ ಪುಡಿ, ಉತ್ತಮ ಮೀನಿನ ಪುಡಿ, ಒಣಗಿಸಿದ ರಕ್ತದ ಪ್ಲಾಸ್ಮಾ ಅಥವಾ ಹುದುಗಿಸಿದ ಸೋಯಾ ಬಳಸಿ ಹಿಂಡಿಯ ಪಾಲನ್ನು ಕಡಿಮೆ ಇಡುತ್ತಾರೆ. ಪ್ಲಾಸ್ಮಾ ಬೆರೆಸಿದ ತಿಂಡಿಯನ್ನು ಮರಿಗಳು ಮೊದಲ ವಾರದಲ್ಲೇ ಹೆಚ್ಚು ತಿನ್ನುತ್ತವೆ. ಇವೆಲ್ಲ ದುಬಾರಿ, ಆದರೆ ಏಳು ಕಿಲೋ ಮರಿ ದಿನಕ್ಕೆ ತಿನ್ನುವುದು ಹಿಡಿಯಷ್ಟು, ಜೀವನದುದ್ದಕ್ಕೂ ತಿನ್ನುವ ತಿಂಡಿಯಲ್ಲಿ ಇದರ ಪಾಲು ತೀರ ಚಿಕ್ಕದು.

ಪಚನವಾಗದೆ ದೊಡ್ಡ ಕರುಳಿಗೆ ಇಳಿದ ಪ್ರೋಟೀನಿಗೆ ಏನಾಗುತ್ತದೆ? ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಲೈಸಿನ್ ಕಡಾವರಿನ್ ಆಗುತ್ತದೆ, ಹಿಸ್ಟಿಡಿನ್ ಹಿಸ್ಟಮಿನ್ ಆಗುತ್ತದೆ, ಟ್ರಿಪ್ಟೊಫಾನ್‌ನಿಂದ ನಾತ ಬೀರುವ ಇಂಡೋಲ್ ಮತ್ತು ಸ್ಕಟೋಲ್, ಗಂಧಕದ ಅಮೈನೊ ಆಮ್ಲಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಕರುಳಿನ ಗೋಡೆ ಕೆರಳುತ್ತದೆ. ಇಂಥ ಹದದಲ್ಲಿ ವಿಷ ಸುರಿಸುವ ಇ. ಕೋಲೈ ತಳಿಗಳಿಗೆ ಸುಗ್ಗಿ. ಎಫ್4, ಎಫ್18 ಎಂಬ ಎಳೆಗಳ ಮೂಲಕ ಅವು ಸಣ್ಣ ಕರುಳಿನ ಗೋಡೆಗೆ ಅಂಟಿ ಕೂತು ನೀರನ್ನು ಹೊರಗೆಳೆಯುವ ವಿಷ ಬಿಡುತ್ತವೆ. ಹಾಲು ಬಿಡಿಸಿದ ಮೊದಲ ಎರಡು ವಾರಗಳ ಭೇದಿ ಬಹುಮಟ್ಟಿಗೆ ಇದೇ.

ದಶಕಗಳ ಕಾಲ ಇದಕ್ಕೆ ಉತ್ತರ ಔಷಧದಲ್ಲಿತ್ತು. ಬೆಳವಣಿಗೆಗೆಂದು ತಿಂಡಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲಿ ನಿಲ್ಲಿಸಿತು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಷೇಧಿಸಿತು. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಬಳಸುವುದನ್ನು ನಿಷೇಧಿಸಿತು. ಡೆನ್ಮಾರ್ಕಿನಲ್ಲಿ 1989ರಲ್ಲಿ ಪ್ರಕಟವಾದ ಪ್ರಯೋಗದ ನಂತರ ಸತುವಿನ ಆಕ್ಸೈಡ್ ಜನಪ್ರಿಯವಾಗಿತ್ತು. ಕಿಲೋ ತಿಂಡಿಗೆ 2,500 ಮಿಲಿಗ್ರಾಂ ಸತು ಬಿದ್ದರೆ ಭೇದಿ ಗಣನೀಯವಾಗಿ ಇಳಿಯುತ್ತಿತ್ತು. ಆದರೆ ಅದರ ಬಹುಪಾಲು ಗೊಬ್ಬರದೊಂದಿಗೆ ಹೊಲ ಸೇರಿ ಮಣ್ಣಿನಲ್ಲಿ ಉಳಿಯಿತು, ಔಷಧ ನಿರೋಧಕ ಬ್ಯಾಕ್ಟೀರಿಯಾಗಳನ್ನೂ ಪೋಷಿಸಿತು. 2022ರ ಜೂನ್‌ನಿಂದ ಐರೋಪ್ಯ ಒಕ್ಕೂಟ ಈ ಔಷಧ ಪ್ರಮಾಣವನ್ನು ನಿಲ್ಲಿಸಿದೆ.

ಔಷಧದ ಗೋಡೆ ಬಿದ್ದ ಮೇಲೆ ಎಲ್ಲರ ಕಣ್ಣು ಪ್ರೋಟೀನಿನ ಮೇಲೆ ಬಿತ್ತು. ಪಶ್ಚಿಮ ಆಸ್ಟ್ರೇಲಿಯಾದ ಮರ್ಡಾಕ್ ವಿಶ್ವವಿದ್ಯಾಲಯದಲ್ಲಿ ಹೆಒ, ಪ್ಲಸ್ಕೆ ಮತ್ತು ಸಂಗಡಿಗರು ತಿಂಡಿಯ ಪ್ರೋಟೀನನ್ನು ಶೇಕಡ 24ರ ಆಸುಪಾಸಿನಿಂದ 17-18ಕ್ಕೆ ಇಳಿಸಿ, ಬಿಡಿ ಅಮೈನೊ ಆಮ್ಲಗಳನ್ನು ಬೆರೆಸಿದಾಗ ಕೊಳೆತದ ಉತ್ಪನ್ನಗಳೂ ಭೇದಿಯೂ ಕಡಿಮೆಯಾದವು. ಇದು ಸಾಧ್ಯವಾಗುವುದು ‘ಆದರ್ಶ ಪ್ರೋಟೀನು’ ಎಂಬ ಕಲ್ಪನೆಯಿಂದ. ಮರಿಗೆ ಬೇಕಾದದ್ದು ಪ್ರೋಟೀನು ಎಂಬ ರಾಶಿಯಲ್ಲ, ನಿರ್ದಿಷ್ಟ ಅನುಪಾತದ ಅಮೈನೊ ಆಮ್ಲಗಳು. ಬ್ರಿಟನ್ನಿನ ಕೃಷಿ ಸಂಶೋಧನಾ ಮಂಡಳಿ 1981ರಲ್ಲಿ ಇದನ್ನು ಅಧಿಕೃತವಾಗಿ ಬಳಕೆಗೆ ತಂದಿತು. ಲೈಸಿನನ್ನು 100 ಎಂದಿಟ್ಟುಕೊಂಡರೆ ಥ್ರಿಯೊನಿನ್ ಸುಮಾರು 60-65, ಮೆಥಿಯೊನಿನ್ ಮತ್ತು ಸಿಸ್ಟೀನ್ ಸೇರಿ 55-60, ಟ್ರಿಪ್ಟೊಫಾನ್ 16ರಿಂದ 22. ಅಮೆರಿಕದ 2012ರ ಶಿಫಾರಸಿನಂತೆ ಐದರಿಂದ ಏಳು ಕಿಲೋ ಮರಿಯ ತಿಂಡಿಯಲ್ಲಿ ಪಚನೀಯ ಲೈಸಿನ್ ಶೇಕಡ 1.50 ಇರಬೇಕು, 11 ಕಿಲೋ ದಾಟಿದ ಮೇಲೆ 1.23 ಸಾಕು.

ಅಗ್ಗದ ಲೈಸಿನ್ ಇಲ್ಲದಿದ್ದರೆ ಇದೆಲ್ಲ ಕಾಗದದ ಲೆಕ್ಕವಾಗಿಯೇ ಉಳಿಯುತ್ತಿತ್ತು. ಜಪಾನಿನ ಕ್ಯೋವಾ ಹಾಕ್ಕೊ ಕಂಪನಿಯ ಶುಕುವೊ ಕಿನೋಷಿತಾ ಮತ್ತು ಸಂಗಡಿಗರು 1950ರ ದಶಕದಲ್ಲಿ ಮಣ್ಣಿನ ಬ್ಯಾಕ್ಟೀರಿಯವೊಂದರಿಂದ, ಈಗಿನ ಹೆಸರು ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ, ಮೊದಲು ಗ್ಲುಟಮೇಟ್, ಆಮೇಲೆ ಲೈಸಿನ್ ತಯಾರಿಸಿದರು. ಇಂದು ಥ್ರಿಯೊನಿನ್, ಟ್ರಿಪ್ಟೊಫಾನ್, ವ್ಯಾಲಿನ್‌ಗಳೂ ಹುದುಗಿಸುವ ತೊಟ್ಟಿಗಳಿಂದ ಬರುತ್ತವೆ. ತಿಂಡಿಯ ಪ್ರೋಟೀನು ಒಂದು ಶೇಕಡಾಂಶ ಇಳಿದರೆ ಹಂದಿ ಹೊರಹಾಕುವ ಸಾರಜನಕ ಸುಮಾರು 8ರಿಂದ 10 ಶೇಕಡ ತಗ್ಗುತ್ತದೆ, ಕೊಟ್ಟಿಗೆಯ ಅಮೋನಿಯದ ಘಾಟೂ ಇಳಿಯುತ್ತದೆ. ಇಳಿಸುವುದಕ್ಕೂ ಮಿತಿಯಿದೆ. ತೀರ ಇಳಿದರೆ ವ್ಯಾಲಿನ್, ಐಸೊಲ್ಯೂಸಿನ್, ಹಿಸ್ಟಿಡಿನ್‌ಗಳು ಒಂದಾದ ಮೇಲೊಂದರಂತೆ ಕೊರತೆ ಬೀಳುತ್ತವೆ, ಮರಿಯ ಬೆಳವಣಿಗೆ ಹಿಂದೆ ಬೀಳುತ್ತದೆ.

ಪ್ರೋಟೀನು ಇಳಿಸುವ ಈ ಸಲಹೆಯನ್ನು ಭಾರತದ ಕೊಟ್ಟಿಗೆಗೆ ಹಾಗೇ ತರುವುದು ತಪ್ಪಾದೀತು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 90 ಲಕ್ಷ ಹಂದಿಗಳಿವೆ; 20 ಲಕ್ಷಕ್ಕೂ ಹೆಚ್ಚು ಅಸ್ಸಾಮಿನಲ್ಲಿ. ಇಲ್ಲಿ ಸಣ್ಣ ಸಾಕಣೆದಾರರು ಆರರಿಂದ ಎಂಟು ವಾರಕ್ಕೆ ಹಾಲು ಬಿಡಿಸುವುದು ಸಾಮಾನ್ಯ. ಅಷ್ಟರಲ್ಲಿ ಕರುಳು ಸಾಕಷ್ಟು ಬಲಿತಿರುತ್ತದೆ. ಇಲ್ಲಿನ ತೊಂದರೆ ಪ್ರೋಟೀನಿನ ಅತಿಯಲ್ಲ, ಕೊರತೆ. ಅದರಲ್ಲೂ ಲೈಸಿನ್ ಕೊರತೆ. ಕರ್ನಾಟಕದ ನಗರಗಳ ಸುತ್ತ ಹೋಟೆಲಿನ ಉಳಿಕೆ ಅನ್ನ-ಸಾರು, ತರಕಾರಿ ಸಿಪ್ಪೆ, ಅಕ್ಕಿ ತೌಡು ತಿಂದು ಬೆಳೆಯುವ ಮರಿಗೆ ಹೊಟ್ಟೆ ತುಂಬುತ್ತದೆ, ಮಾಂಸ ಕಟ್ಟುವುದಿಲ್ಲ. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನು ಧಾರಾಳವಾಗಿದ್ದರೂ ಆ ಪ್ರೋಟೀನಿನ ನೂರು ಗ್ರಾಂನಲ್ಲಿ ಲೈಸಿನ್ ಮೂರೂವರೆ ಗ್ರಾಂ ಮಾತ್ರ, ಸೋಯಾದಲ್ಲಿ ಆರು ಗ್ರಾಂ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಭಯ ಬೇರೆ. ಕರಾವಳಿಯ ಕಾರ್ಖಾನೆಗಳಲ್ಲಿ ಬೂತಾಯಿಯಂಥ ಮೀನಿನಿಂದ ತಯಾರಾಗುವ ಪುಡಿ ಲೈಸಿನ್‌ಗೆ ಒಳ್ಳೆಯ ಮೂಲ, ಮರಳು ಉಪ್ಪು ಬೆರೆಯದ್ದಾದರೆ. ಸೋಯಾ ಕಾಳನ್ನೇ ಕೊಡುವವರು ಹುರಿದು ಅಥವಾ ಬೇಯಿಸಿ ಕೊಡಬೇಕು. ಹೋಟೆಲಿನ ಉಳಿಕೆಯನ್ನೂ ಚೆನ್ನಾಗಿ ಕುದಿಸಲೇಬೇಕು: 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಉಳಿಕೆಯಲ್ಲಿರುವ ಹಂದಿಮಾಂಸದ ಚೂರುಗಳಿಂದಲೂ ಹರಡಬಲ್ಲದು. ಮರಿ ಇನ್ನೂ ಹಾಲು ಕುಡಿಯುತ್ತಿರುವಾಗಲೇ, ಎರಡನೇ ವಾರದಿಂದ, ತಾಯಿಗೆ ಎಟುಕದ ಮೂಲೆಯಲ್ಲಿ ಸ್ವಲ್ಪ ಸ್ವಲ್ಪ ಮರಿತಿಂಡಿ ಇಡುವುದು, ಹಾಲು ಬಿಡಿಸಿದ ಮೊದಲ ವಾರ ಅದನ್ನೇ ಬೆಚ್ಚಗಿನ ನೀರಿನಲ್ಲಿ ಗಂಜಿಯಂತೆ ಕಲಸಿ ದಿನಕ್ಕೆ ನಾಲ್ಕೈದು ಸಲ ಕೊಡುವುದು ದೊಡ್ಡ ಖರ್ಚಿಲ್ಲದ ಕ್ರಮ. ಗಂಜಿ ಹುಳಿಯುವ ಮೊದಲೇ ದೋಣಿಯನ್ನು ತೊಳೆದು ಹೊಸದನ್ನು ಸುರಿಯಬೇಕಾಗುತ್ತದೆ.